ಈರಬಸಪ್ಪನ ಹಳದಿ ವೈರು

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ, ಗೋಣಿಚೀಲ ಮಾರುವವರ ಸಾಲು ಮುಗಿದ ಕೂಡಲೇ ಒಂದು ತಗಡಿನ ಅಂಗಡಿ ಇದೆ. ಅದು ನಮ್ಮದು. ಗಾಡಿಗಳಿಗೆ ವೈರಿಂಗ್ ಮಾಡುವ ಅಂಗಡಿ. ಹಾಕಿದವರು ನನ್ನ ಯಜಮಾನರು ರಾಮಲಿಂಗಪ್ಪ. ಅವರು ಹೋದ ಮೇಲೆ ಅವರ ತಮ್ಮ ಈರಬಸಪ್ಪ ನಡೆಸುತ್ತಿದ್ದಾನೆ. ನಾನು ಅವನಿಗೆ ವೈನಿ, ಅಂದರೆ ಅತ್ತಿಗೆ. ದಿನವೂ ಅವನ ಜೊತೆ ಬಂದು ಕೂಡುತ್ತೇನೆ. ಅವನು ಹೇಳಿದ ಉದ್ದಕ್ಕೆ ವೈರು ಕತ್ತರಿಸಿ ಕೊಡುತ್ತೇನೆ. ಅವನು ಜೋಡಿಸಿದ ಮೇಲೆ ಎಲ್ಲ ವೈರುಗಳನ್ನು ಒಟ್ಟು ಹಿಡಿದು ಬುಡದಿಂದ ತುದಿಯ ತನಕ ಟೇಪು ಸುತ್ತುತ್ತೇನೆ. ಅವನ ಸಿಟ್ಟನ್ನು ಕೇಳುವುದೂ ನನ್ನ ಕೆಲಸವೇ. ಅದನ್ನು ಮಾತ್ರ ಯಾರೂ ಕೆಲಸವೆಂದು ಹಿಡಿಯುವುದಿಲ್ಲ.

ಈರಬಸಪ್ಪ ಎಂಥ ಮನುಷ್ಯ ಎಂದು ತಿಳಿಯಬೇಕಾದರೆ ಒಂದು ಸಣ್ಣ ಟ್ರ್ಯಾಕ್ಟರಿನ ಕಥೆ ಕೇಳಬೇಕು. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಿನದು ಹೇಳುತ್ತೇನೆ.

ನಾವು ಇಂಡಿ ತಾಲೂಕಿನವರು. ಅಣ್ಣನ ಬೆನ್ನು ಹಿಡಿದು ಪುಣೆಗೆ ಬಂದಾಗ ಈರಬಸಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅವನಿಗೆ ಶಾಲೆ ಹತ್ತಲಿಲ್ಲ, ವೈರು ಹತ್ತಿತು. ಮನುಷ್ಯರ ಜೊತೆ ಮಾತು ಕಡಿಮೆ, ವೈರಿನ ಜೊತೆ ಹೆಚ್ಚು. ಲಾರಿಯೊಳಗೆ ಸ್ಟೇರಿಂಗಿನ ಕೆಳಗೆ ತಲೆ ಹಾಕಿ ಮಲಗಿ, "ಎಲ್ಲಿ ಅಡಗೀದಿ ಮಗನ, ಬಾ ಹೊರಗ" ಎಂದು ಬೈಯುತ್ತಿರುತ್ತಾನೆ. ಹೊಸ ಗಿರಾಕಿಗಳು ಒಳಗೆ ಇನ್ನೊಬ್ಬನಿದ್ದಾನೆಂದು ಬಗ್ಗಿ ನೋಡುತ್ತಾರೆ. ಒಂದು ಕಾಲಕ್ಕೆ ಯಾರ್ಡಿಗೆ ಬರುವ ಲಾರಿಗಳು ನಮ್ಮ ಅಂಗಡಿ ಮುಂದೆ ಸಾಲು ಹಚ್ಚುತ್ತಿದ್ದವು. ಈಗಿನ ಲಾರಿಗಳ ವೈರಿಗೆ ಕೈ ಹಚ್ಚುವ ಹಾಗಿಲ್ಲ. ಅವಕ್ಕೆ ಮೊದಲು ಕಂಪ್ಯೂಟರು ಚುಚ್ಚಿ, ನಿನಗೇನು ಬೇನೆ ಎಂದು ಕೇಳಬೇಕಂತೆ. ನಮ್ಮ ಹತ್ತಿರ ಅಂಥ ಯಂತ್ರ ಇಲ್ಲ. ಲಾರಿಗಳು ಒಂದೊಂದಾಗಿ ಬೇರೆ ಕಡೆ ತಿರುಗಿದವು.

ಉಳಿದದ್ದು ಸಣ್ಣ ಟ್ರ್ಯಾಕ್ಟರು. ದ್ರಾಕ್ಷಿ, ದಾಳಿಂಬೆ, ಪೇರಲ ಬೆಳೆಯುವವರು ಗಿಡಗಳ ಸಾಲಿನ ನಡುವೆ ಓಡಾಡಲೆಂದು ಕೊಳ್ಳುವ ಗಿಡ್ಡ ಟ್ರ್ಯಾಕ್ಟರು. ಕಂಪನಿಯಿಂದ ಬರುವಾಗ ಅದಕ್ಕೆ ಮುಂದೆ ಎರಡು ದೀಪ, ಒಂದು ಹಾರ್ನು, ಇಷ್ಟೇ. ಕೊಂಡವರಿಗೆ ಹಿಂದೆ ಕೆಲಸಕ್ಕೆ ದೀಪ ಬೇಕು, ಔಷಧ ಹೊಡೆಯಲು ಬ್ಯಾಟರಿ ಮೇಲೆ ನಡೆಯುವ ಪಂಪು ಬೇಕು, ಹಿಂದಕ್ಕೆ ಸರಿಯುವಾಗ ಕೂಗಬೇಕು, ಮೊಬೈಲು ಚಾರ್ಜ್ ಆಗಬೇಕು. ಇವೆಲ್ಲವನ್ನೂ ಕೂಡಿಸುವವನು ಈರಬಸಪ್ಪ. ಸೋಲಾಪುರ ರಸ್ತೆಯ ಒಬ್ಬ ಡೀಲರ್ ತನ್ನಲ್ಲಿ ಮಾರಾಟವಾದ ಸಣ್ಣ ಟ್ರ್ಯಾಕ್ಟರುಗಳನ್ನು ಗಿರಾಕಿಯ ಕೈಗೆ ಒಪ್ಪಿಸುವ ಮೊದಲು ನಮ್ಮಲ್ಲಿಗೆ ಕಳಿಸುತ್ತಿದ್ದ. ನಮ್ಮ ಒಲೆ ಉರಿಯುತ್ತಿದ್ದದ್ದು ಅದರ ಮೇಲೆಯೇ.

ಇನ್ನು ಹಳದಿ ವೈರಿನ ಮಾತು. ಬ್ಯಾಟರಿಯಿಂದ ಕರೆಂಟು ಒಂದು ವೈರಿನಲ್ಲಿ ದೀಪಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ ಗಾಡಿಯ ಕಬ್ಬಿಣದ ಮೈಗೆ ಸೇರಿ ತಿರುಗಿ ಬರುತ್ತದೆ. ಈ ತಿರುಗಿ ಬರುವ ದಾರಿಗೆ ಅರ್ಥಿಂಗ್ ಎನ್ನುತ್ತೇವೆ. ಅರ್ಥಿಂಗಿಗೆ ಎಲ್ಲರೂ ಕಪ್ಪು ವೈರು ಹಾಕುತ್ತಾರೆ. ನಮ್ಮ ಅಂಗಡಿಯಲ್ಲಿ ಮಾತ್ರ ಹಳದಿ.

ಬಹಳ ಹಿಂದೆ ನನ್ನ ಯಜಮಾನರು ಒಂದು ಹೊಸ ಟೆಂಪೋಗೆ ವೈರಿಂಗ್ ಮಾಡಿಕೊಟ್ಟಿದ್ದರು. ಅದಕ್ಕೆ ಇನ್ನೂ ಪೂಜೆ ಆಗಿರಲಿಲ್ಲ. ಕುರಕುಂಭದ ಕಡೆ ಬಾಡಿಗೆಗೆ ಹೋದಾಗ ಅದರ ವೈರು ದಾರಿಯಲ್ಲೇ ಸುಟ್ಟಿತು. ಸೀಟಿನ ಕೆಳಗಿನ ಒಂದು ಸ್ಕ್ರೂ ತಿಕ್ಕಿ ತಿಕ್ಕಿ ವೈರಿನ ಚರ್ಮ ತಿಂದಿತ್ತು, ಅಷ್ಟೇ. ಆದರೆ ಮಾಲೀಕ ಆ ಸುಟ್ಟ ಕಪ್ಪು ವೈರನ್ನು ಕೈಯಲ್ಲಿ ಹಿಡಿದು ಯಾರ್ಡು ತುಂಬ ತಿರುಗಿದ. ಪೂಜೆ ಆಗುವ ಮೊದಲೇ ಹೊಸ ಗಾಡಿಯ ಹೊಟ್ಟೆಯಲ್ಲಿ ಕಪ್ಪು ತುಂಬಿದ ಮನುಷ್ಯ ಇವನೇ ಎಂದು ಸಾರಿದ. ಗಿರಾಕಿ ನಿಂತಿತು. ಆಗ ಯಜಮಾನರು ಒಂದು ಉಪಾಯ ಮಾಡಿದರು. ಅಂಗಡಿಯಲ್ಲಿದ್ದ ಕಪ್ಪು ಸುರುಳಿಗಳನ್ನೆಲ್ಲ ತೆಗೆದು, ಅರಿಶಿನದ ಬಣ್ಣದ ವೈರು ತಂದು, ಬಾಗಿಲಲ್ಲಿ ಎಲ್ಲರಿಗೂ ಕಾಣುವ ಹಾಗೆ ನೇತುಹಾಕಿದರು. ಗಿರಾಕಿ ತಿರುಗಿ ಬಂತು. ಅರಿಶಿನ ಹಚ್ಚಿ ಕಳಿಸುವ ಅಂಗಡಿ ಎಂದು ಹೆಸರೂ ಬಂತು.

ನನ್ನ ಯಜಮಾನರು ಗಿರಾಕಿಯ ಸಲುವಾಗಿ ಮಾಡಿದ್ದನ್ನು ಈರಬಸಪ್ಪ ದೇವರ ಸಲುವಾಗಿ ಮಾಡಿಕೊಂಡ. ಸುಟ್ಟ ಟೆಂಪೋವನ್ನು ಕುರಕುಂಭದಿಂದ ಎಳೆದು ತಂದವನು ಅವನು. ಆ ಸ್ಕ್ರೂ ತೆಗೆದು ಅಂಗೈ ಮೇಲಿಟ್ಟು ತೋರಿಸಿದವನೂ ಅವನೇ. ಆದರೂ ಪೂಜೆ ಆಗದ ಗಾಡಿಗೆ ಅವನ ಕೈ ಕಪ್ಪು ವೈರು ಹಚ್ಚಲಿಲ್ಲ. ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು.

ಈಗ ಟ್ರ್ಯಾಕ್ಟರಿನ ಕಥೆ.

ಹೋದ ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಒಂದು ಮುಂಜಾನೆ ಡೀಲರನ ಕಡೆಯ ಹುಡುಗ ಅಮರ ಟೆಂಪೋದಲ್ಲಿ ಒಂದು ಕೆಂಪು ಟ್ರ್ಯಾಕ್ಟರು ಹೇರಿಸಿಕೊಂಡು ಬಂದ. ಅಮರ ಸೋಲಾಪುರದ ನಮ್ಮವರ ಪೈಕಿ. ಡೀಲರನ ಎಲ್ಲ ಗಾಡಿಗಳ ಒಳಹೊರಗು ನೋಡಿಕೊಳ್ಳುತ್ತಾನೆ. ಅವನ ಹಿಂದೆಯೇ ರಿಕ್ಷಾದಲ್ಲಿ ಟ್ರ್ಯಾಕ್ಟರಿನ ಒಡತಿ ಹರಿಣಾಕ್ಷಿ ಬಂದಳು. ಅವಳು ಮಂಗಳೂರು ಕಡೆಯವಳು. ಗಂಡ ಹರಿಶ್ಚಂದ್ರ ಬಿಬವೇವಾಡಿಯಲ್ಲಿ ಹೋಟೆಲು ನಡೆಸುತ್ತಾನೆ. ಇಂದಾಪುರದ ಹತ್ತಿರ ಹೊಲ ಹಿಡಿದು ಪೇರಲ ಹಚ್ಚಿದವಳು ಮಾತ್ರ ಇವಳು. ಸಂಜೆ ಅದೇ ಟೆಂಪೋದಲ್ಲಿ ಟ್ರ್ಯಾಕ್ಟರು ಇಂದಾಪುರಕ್ಕೆ ಹೋಗಬೇಕು. ನಾಳೆ ಹೊಲದಲ್ಲಿ ಪೂಜೆ. ಪೂಜೆ ಮುಗಿದ ಕೂಡಲೇ ಔಷಧ ಹೊಡೆಯಬೇಕು, ಕಾಯಿಗೆ ಹುಳ ಬಿದ್ದಿದೆ ಎಂದಳು.

ಅಮರ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಈರಬಸಪ್ಪನ ಮುಂದಿಟ್ಟ. ಅದರಲ್ಲಿ ಸ್ವಿಚ್ಚು, ಫ್ಯೂಜು, ರಿಲೇ ಎಲ್ಲ ಮೊದಲೇ ಕೂಡಿಸಿದ ವೈರಿನ ಕಟ್ಟು ಇತ್ತು.

"ಕಾಕಾ, ಈ ಸಲ ನಿಮ್ಮ ವೈರು ಬ್ಯಾಡ, ಈ ಕಿಟ್ಟೇ ಹಾಕ್ರಿ. ಕೆಂಪು ದೀಪಕ್ಕ, ಹಳದಿ ಪಂಪಿಗೆ, ಕಪ್ಪು ಅರ್ಥಿಂಗ್. ಭಾಳ ಸಾದಾ ಅದ."

"ನನಗ ಸಾದಾ ಕೆಲಸ ಬರೂದಿಲ್ಲಪಾ" ಎಂದ ಈರಬಸಪ್ಪ.

ಅಮರ ನಗಲಿಲ್ಲ. ನನ್ನ ಕಡೆಗೂ ಒಮ್ಮೆ ನೋಡಿ, ದನಿ ಸಣ್ಣದು ಮಾಡಿ ಹೇಳಿದ: "ಕಾಕಾ, ನಮ್ಮ ಡೀಲರ್ ಶೇಟ್ ನನಗ ಸ್ವಚ್ಛ ಹೇಳ್ಯಾನ. ಇದೊಂದು ತಕರಾರ ಇಲ್ಲದ ಆತಂದ್ರ ಮುಂದ ಬರೋ ಸಣ್ಣ ಟ್ರ್ಯಾಕ್ಟರ್ ಎಲ್ಲಾ ನಿಮಗ. ಇಲ್ಲಾಂದ್ರ ಶೋರೂಮಿನಾಗ ಒಬ್ಬ ಮನಿಶಾನ್ನ ಇಡ್ತಾನಂತ. ನಾ ನಿಮ್ಮ ಹೆಸರು ಹೇಳಿ ಬಂದೀನಿ. ಸಂಜಿಮುಂದ ಬರ್ತೀನಿ."

ಈರಬಸಪ್ಪ ಹೂಂ ಎಂದ. ಅಮರ ಹೋದ. ಟೆಂಪೋ ಡ್ರೈವರು ಗೋಣಿಚೀಲದ ರಾಶಿಯ ನೆರಳಿನಲ್ಲಿ ಟವೆಲ್ಲು ಹಾಸಿ ಮಲಗಿದ. ನಾನು ಹರಿಣಾಕ್ಷಿಗೆ ಸ್ಟೂಲು ಕೊಟ್ಟು, ನನ್ನ ಬ್ಲೇಡು ಮತ್ತು ಟೇಪಿನ ಡಬ್ಬಿ ಹತ್ತಿರ ಎಳೆದುಕೊಂಡೆ.

ಈರಬಸಪ್ಪ ಮೊದಲು ಮಾಡಿದ ಕೆಲಸ ಏನೆಂದರೆ, ಕಿಟ್ಟಿನೊಳಗಿನ ಕಪ್ಪು ವೈರನ್ನು ಪೂರ್ತಿ ಎಳೆದು ತೆಗೆದು ಮೂಲೆಗೆ ಒಗೆದದ್ದು.

"ಅದ್ಯಾಕ ತಗದಿ?" ಎಂದೆ. "ಅಮರ ಏನ್ ಹೇಳಿ ಹೋದ?"

"ಕಿಟ್ಟು ಹಾಕು ಅಂದ, ಹಾಕ್ಲಿಕ್ಕತ್ತೀನಿ. ಪೂಜಿ ಆಗಿಲ್ಲ ವೈನಿ ಇದಕ್ಕ. ಹಳದಿ ಕತ್ತರಿಸ್ರಿ."

ಹರಿಣಾಕ್ಷಿ ಸ್ಟೂಲಿನ ಮೇಲಿಂದ ಬಗ್ಗಿ ಕೇಳಿದಳು: "ಎಂತ ಮಾರಾಯ್ರೆ, ಕಪ್ಪು ಆಗುದಿಲ್ವಾ ನಿಮಗೆ?"

"ಹೊಸಾ ಗಾಡಿಗೆ ಆಗೂದಿಲ್ರಿ ಅಕ್ಕಾರ."

"ಮತ್ತೆ ಟೈರು? ಟೈರು ಕಪ್ಪು ಉಂಟಲ್ಲ. ಅದನ್ನೂ ತೆಗೀತೀರಾ?"

"ಟೈರು ಕಂಪನಿಯವರು ಹಾಕಿದ್ದು. ಅದರ ಪಾಪ ಅವರಿಗೆ."

"ಬ್ಯಾಟರಿ?"

"ಅದೂ ಕಂಪನೀದು."

"ಪುಣ್ಯಕ್ಕೆ ನನ್ನ ಗಂಡ ಬರ್ಲಿಲ್ಲ ಇವತ್ತು" ಎಂದಳು ಹರಿಣಾಕ್ಷಿ ನನ್ನ ಕಡೆ ತಿರುಗಿ. "ಅವರ ಬಣ್ಣ ನೋಡಿದ್ರೆ ನಿಮ್ಮ ಮೈದುನ ಒಳಗೇ ಬಿಡ್ತಿರ್ಲಿಲ್ಲ."

ಈರಬಸಪ್ಪ ಬಗ್ಗಿಕೊಂಡೇ ಇದ್ದ, ಆದರೆ ಅವನ ಬೆನ್ನು ನಕ್ಕದ್ದು ನನಗೆ ಕಂಡಿತು. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೂಡಿತು. ಹಿಂದಿನ ದೀಪ, ಪಂಪು, ಕೂಗುವ ಹಾರ್ನು. ಎಲ್ಲದರ ಅರ್ಥಿಂಗಿಗೂ ನಮ್ಮ ಹಳದಿ. ಆ ಹಳದಿಗಳ ತುದಿಗೆಲ್ಲ ಒಂದೊಂದು ತಾಮ್ರದ ಉಂಗುರ ಹಾಕಿ, ಸೀಟಿನ ಕೆಳಗೆ ಬಣ್ಣ ಕೆರೆದು, ಒಂದೇ ಬೋಲ್ಟಿಗೆ ಬಿಗಿದ. ನಾನು ಬೋಲ್ಟಿನ ತನಕ ಟೇಪು ಸುತ್ತಿದೆ. ನನ್ನ ಟೇಪಿನಲ್ಲಿ ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಬೀಳುತ್ತದೆ, ಎಲ್ಲಿಯೂ ಬಾಯಿ ಬಿಡುವುದಿಲ್ಲ. ಕೈಯಾಡಿಸಿದರೆ ಹಾವಿನ ಮೈಯ ಹಾಗೆ ನುಣುಪಾಗಿ ಇರಬೇಕು, ಇರುತ್ತದೆ.

ಈರಬಸಪ್ಪ ದೀಪದ ಸ್ವಿಚ್ಚು ಒತ್ತಿದ. ದೀಪ ಹತ್ತಿತು. ಹಾರ್ನು ಒತ್ತಿದ. ಕೂಗಿತು. ಪಂಪಿನ ಸ್ವಿಚ್ಚು ಒತ್ತಿದ. ಟಕ್ ಎಂದಿತು, ಪಂಪು ಅಲುಗಲಿಲ್ಲ. ಫ್ಯೂಜು ಹೋಗಿತ್ತು.

ಬೇರೆ ಫ್ಯೂಜು ಹಾಕಿ ಒತ್ತಿದ. ಅದೂ ಹೋಯಿತು.

"ಪಂಪು ಖರಾಬ್ ಅದ" ಎಂದ.

"ಹೊಸಾದು ಮಾರಾಯ್ರೆ, ಈಗ ಡಬ್ಬ ಒಡೆದು ತೆಗ್ದದ್ದು ನೀವೇ ಅಲ್ವಾ" ಎಂದಳು ಹರಿಣಾಕ್ಷಿ.

"ಹೊಸಾದೂ ಖರಾಬ್ ಇರತದ್ರಿ. ಹುಟ್ಟಿದ ಕೂಸಿಗೂ ಜಡ್ಡು ಬರತದ."

ಪಂಪಿನ ಪ್ಲಗ್ಗು ಬಿಚ್ಚಿ ಅದನ್ನು ಬದಿಗಿಟ್ಟ. ಪಂಪೇ ಇಲ್ಲದೆ ಸ್ವಿಚ್ಚು ಒತ್ತಿದ. ಆದರೂ ಫ್ಯೂಜು ಹೋಯಿತು. ಅಂದ ಮೇಲೆ ಪಂಪಿನದು ತಪ್ಪಿಲ್ಲ ಎಂದು ನನಗೆ ತಿಳಿಯಿತು. ಅವನಿಗೂ ತಿಳಿದಿರಬೇಕು. ರಿಲೇ ಬದಲಿಸಿದ. ಫ್ಯೂಜು ಹೋಯಿತು. ಸ್ವಿಚ್ಚು ಬದಲಿಸಿದ. ಹೋಯಿತು. ನಮ್ಮ ಡಬ್ಬಿಯ ಫ್ಯೂಜು ತೀರಿ, ಬದಿಯ ಅಂಗಡಿಯಿಂದ ಕಡ ತರುವ ಹಾಗಾಯಿತು.

ಹರಿಣಾಕ್ಷಿಯ ಗಂಡ ಹೋಟೆಲಿನಿಂದ ಮೇಲಿಂದ ಮೇಲೆ ಫೋನು ಮಾಡುತ್ತಿದ್ದ. ಅವಳು, "ಇನ್ನೂ ಇಲ್ಲ. ಇಲ್ಲಿ ಫ್ಯೂಜು ಹಪ್ಪಳದ ಹಾಗೆ ಸುಡ್ತಾ ಉಂಟು" ಎಂದು ಉತ್ತರ ಕೊಡುತ್ತಿದ್ದಳು. ಡ್ರೈವರು ಮಲಗಿದಲ್ಲಿಂದಲೇ ತಲೆ ಎತ್ತಿ, "ಝಾಲಂ ಕಾ, ಮಾಮಾ?" ಎಂದು, ಆಯಿತೇನೋ ಎಂಬಂತೆ ಕೇಳುತ್ತಿದ್ದ. ಈರಬಸಪ್ಪ ಟ್ರ್ಯಾಕ್ಟರನ್ನು ಬೈಯುತ್ತಿದ್ದ.

"ಕಿಟ್ಟು ಮಾಡಿದಾವನ ಕೈ ಮುರೀಲಿ. ನಮ್ಮ ವೈರು ಹಾಕಾಕ ಬಿಟ್ಟಿದ್ರ ಇಷ್ಟೊತ್ತಿಗೆ ಟ್ರ್ಯಾಕ್ಟರ್ ಇಂದಾಪುರದಾಗ ಇರ್ತಿತ್ತು."

"ಪಂಪಿಲ್ಲದನೂ ಫ್ಯೂಜು ಹೋಗತದ ಅಂದ ಮ್ಯಾಲ ವೈರಿನಾಗ ಎಲ್ಲೋ ಮೈಗೆ ಹತ್ತೇದ" ಎಂದೆ ನಾನು. "ಟೇಪು ಬಿಚ್ಚಿ ನೋಡೂಣು."

"ಟೇಪು ಬಿಚ್ಚಬ್ಯಾಡ್ರಿ."

"ಸುತ್ತಿದಾಕಿ ನಾನು. ಮತ್ತ ಸುತ್ತತೀನಿ."

"ಗಿರಾಕಿ ಎದುರಿಗೆ ನಾವು ಸುತ್ತಿದ್ದು ನಾವ ಬಿಚ್ಚಿದ್ರ ಅಂಗಡಿ ಬಾಗಲಾ ಹಾಕಿದಂಗ. ಅಣ್ಣ ಎಂದಾದ್ರೂ ಬಿಚ್ಚ್ಯಾನೇನು?"

ಅವರು ಬಿಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಚ್ಚುವಾಗ ಗಿರಾಕಿಗೆ ಚಹಾ ಕುಡಿಯಲು ಕಳಿಸುತ್ತಿದ್ದರು, ಅಷ್ಟೇ. ಅದನ್ನು ಹರಿಣಾಕ್ಷಿಯ ಎದುರಿಗೆ ಹೇಳುವುದು ಹೇಗೆ? ಸತ್ತವರ ಹೆಸರು ತಂದು ನನ್ನ ಬಾಯಿ ಕಟ್ಟುವುದು ಇವನಿಗೆ ಚೆನ್ನಾಗಿ ಗೊತ್ತು. ಸುಮ್ಮನೆ ಬ್ಲೇಡು ಹಿಡಿದುಕೊಂಡು ಕೂತೆ. ಸಂಜೆ ಅಮರ ಬರುತ್ತಾನೆ. ಅವನು ಬಂದಾಗ ಪಂಪು ತಿರುಗದಿದ್ದರೆ ಡೀಲರನ ಟ್ರ್ಯಾಕ್ಟರುಗಳು ಹೋದವು. ಅವು ಹೋದ ಮೇಲೆ ಈ ಅಂಗಡಿಯಲ್ಲಿ ನಾವು ಯಾರಿಗೆ ವೈರು ಕತ್ತರಿಸಬೇಕು? ಇದೆಲ್ಲ ಅವನಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಇನ್ನಷ್ಟು ಬೈಯುತ್ತಿದ್ದ.

ಬಿಸಿಲು ತಗಡಿನಿಂದ ಇಳಿದು ರಸ್ತೆಯ ಆಚೆ ಹೋಯಿತು. ಕಡ ತಂದ ಫ್ಯೂಜೂ ತೀರಿತು. ಆಗ ಈರಬಸಪ್ಪ ಒಂದು ತುಂಡು ವೈರಿನ ಚರ್ಮ ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ಒಟ್ಟು ಹೊಸೆಯತೊಡಗಿದ. ಅವನು ಏನು ಮಾಡಲಿದ್ದಾನೆಂದು ನನಗೆ ಕೂಡಲೇ ತಿಳಿಯಿತು. ಫ್ಯೂಜಿನ ಜಾಗದಲ್ಲಿ ದಪ್ಪ ತಂತಿ ಚುಚ್ಚಿದರೆ ತಂತಿ ಸುಡುವುದಿಲ್ಲ. ಅದರ ಬದಲು ಎಲ್ಲಿ ತಪ್ಪಿದೆಯೋ ಅಲ್ಲಿ ವೈರೇ ಸುಡುತ್ತದೆ, ಹೊಗೆ ಬಂದ ಕಡೆ ತಪ್ಪಿದೆ ಎಂದು ತಿಳಿಯುತ್ತದೆ. ರಸ್ತೆ ಬದಿಯ ಎಷ್ಟೋ ಮಂದಿ ಹಾಗೆ ಮಾಡುತ್ತಾರೆ. ನಮ್ಮ ಅಂಗಡಿಯಲ್ಲಿ ಎಂದೂ ಆಗಿರಲಿಲ್ಲ.

ನಾನು ಎದ್ದು ಹೋಗಿ ಫ್ಯೂಜಿನ ಡಬ್ಬಿಯ ಮೇಲೆ ಅಂಗೈ ಇಟ್ಟೆ.

"ಕೈ ತಗೀರಿ ವೈನಿ."

"ತಗಿಯೂದಿಲ್ಲ."

"ಸುಡೂದರ ಏನು ಸುಡತದ ನೋಡೇ ಬಿಡೂಣು. ತಗೀರಿ."

"ನೋಡಬೇಕಂದ್ರ ಮೊದಲ ನನ್ನ ಕೈ ಸುಡು, ಆಮ್ಯಾಲ ಅಕೀ ಟ್ರ್ಯಾಕ್ಟರ್ ಸುಡುವಂತಿ. ಪೂಜಿ ಆಗಿಲ್ಲ ಅಂತ ಒಂದು ಕರೀ ವೈರಿಗೆ ಅಂಜಾವ, ಅದೇ ಗಾಡಿಗೆ ಬೆಂಕಿ ಹಚ್ಚಾಕ ಅಂಜೂದಿಲ್ಲೇನು?"

ಹರಿಣಾಕ್ಷಿ ಸ್ಟೂಲಿನಿಂದ ಎದ್ದು ನಿಂತಿದ್ದಳು. "ಸುಡುದು ಬೇಡ ಮಾರಾಯ್ರೆ" ಎಂದಳು ಮೆಲ್ಲಗೆ. "ಟೇಪು ಬಿಚ್ಚಿದ್ರೆ ನಾನೇನೂ ಅಂದ್ಕೊಳ್ಳುದಿಲ್ಲ. ದೋಸೆ ಸರಿ ಬರ್ಲಿಲ್ಲಾಂದ್ರೆ ನಾವೂ ತೆಗ್ದು ಬಿಸಾಕಿ ಬೇರೆ ಹೊಯ್ಯುದು. ನೀವು ಬೇಕಾದ್ರೆ ಬಿಚ್ಚಿ, ನಾನು ಆಚೆ ತಿರುಗಿ ಕೂತ್ಕೊಳ್ತೇನೆ."

ನಿಜವಾಗಿಯೂ ಸ್ಟೂಲು ತಿರುಗಿಸಿ ರಸ್ತೆಯ ಕಡೆ ಮುಖ ಮಾಡಿ ಕೂತಳು. ಈರಬಸಪ್ಪ ತಂತಿಯನ್ನು ಕೆಳಗೆ ಹಾಕಿದ. ನಾನು ಬೋಲ್ಟಿನ ಕಡೆಯಿಂದ ಬ್ಲೇಡು ಹಾಕಿದೆ. ನುಣ್ಣಗೆ ಸುತ್ತಿದ್ದನ್ನು ಸೀಳುವಾಗ ನನಗೆ ನನ್ನದೇ ಸೀರೆ ಹರಿದ ಹಾಗಾಯಿತು. ಸುತ್ತುವಾಗ ಎಷ್ಟು ಹೊತ್ತು ಹಿಡಿದಿತ್ತು, ಹರಿಯಲು ಅರೆಗಳಿಗೆ ಸಾಕಾಯಿತು.

ಅವನು ಬೋಲ್ಟು ಸಡಿಲಿಸಿ ಹಳದಿ ವೈರುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಫ್ಯೂಜಿನ ಬದಲು ಟೆಸ್ಟ್ ದೀಪ ಹಚ್ಚಿ ಸ್ವಿಚ್ಚು ಹಾಕಿಟ್ಟಿದ್ದ. ತಪ್ಪು ಇರುವ ತನಕ ಆ ದೀಪ ಉರಿಯುತ್ತದೆ. ಮೊದಲಿನ ಹಳದಿ ತೆಗೆದ, ದೀಪ ಉರಿಯುತ್ತಲೇ ಇತ್ತು. ಅದರ ಬದಿಯದು ತೆಗೆದ, ಉರಿಯುತ್ತಿತ್ತು. ಕಡೆಗೆ ಒಂದನ್ನು ತೆಗೆದಾಗ ದೀಪ ಆರಿತು. ಅವನು ಆ ಹಳದಿಯನ್ನು ಬೆರಳ ನಡುವೆ ಹಿಡಿದು ಹಿಂದಕ್ಕೆ ಹಿಂದಕ್ಕೆ ಜಾಡು ಹಿಡಿದು ಹೋದ. ನಾನು ಅವನ ಮುಂದೆ ಮುಂದೆ ಟೇಪು ಸೀಳುತ್ತ ಹೋದೆ. ಅದು ನಮ್ಮ ಸುರುಳಿಯ ಹಳದಿ ಆಗಿರಲಿಲ್ಲ. ಕಿಟ್ಟಿನ ಹಳದಿ ಆಗಿತ್ತು. ಪಂಪಿಗೆ ಕರೆಂಟು ಒಯ್ಯುವ ವೈರಿಗೆ, ಮುಂದೆ ಇನ್ನೊಂದು ಪಂಪು ಬೇಕಾದರೆ ಇರಲಿ ಎಂದು ಕಿಟ್ಟಿನವರು ಒಂದು ಬಾಲ ಬಿಟ್ಟಿದ್ದರು. ಆ ಬಾಲವೂ ಹಳದಿಯೇ. ನಮ್ಮ ಹಳದಿಗಳ ಜೊತೆ ಅದು ನೇತಾಡುತ್ತಿತ್ತು. ಅವನ ಕೈ ಅದಕ್ಕೂ ಉಂಗುರ ಹಾಕಿ ಬೋಲ್ಟಿಗೆ ಬಿಗಿದಿತ್ತು. ಸ್ವಿಚ್ಚು ಒತ್ತಿದ ಕೂಡಲೇ ಬ್ಯಾಟರಿಯ ಕರೆಂಟೆಲ್ಲ ಪಂಪಿಗೆ ಹೋಗದೆ ಸೀದಾ ಟ್ರ್ಯಾಕ್ಟರಿನ ಮೈಗೆ ಹೋಗುತ್ತಿತ್ತು. ಫ್ಯೂಜು ಸುಡದೆ ಏನು ಮಾಡೀತು? ದಿನವಿಡೀ ಅದು ಸುಟ್ಟು ಸುಟ್ಟು ಹೇಳಿದ್ದು ಅದನ್ನೇ.

ಇಷ್ಟು ವರ್ಷ ಅವನ ಕೈಗೆ ಹಳದಿ ಎಂದರೆ ಅರ್ಥಿಂಗು. ಅಮರ ಮುಂಜಾನೆ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು, ಕೈಗೆ ಬಿದ್ದಿರಲಿಲ್ಲ. ಕಿಟ್ಟಿನ ಕಪ್ಪು ವೈರು ಇದ್ದ ಜಾಗದಲ್ಲಿ ಇದ್ದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

"ಸಿಕ್ಕಿತು" ಎಂದೆ.

"ಕಾಣ್ತದ" ಎಂದ.

ಅಷ್ಟರಲ್ಲಿ ಅಮರನ ಮೋಟಾರ್ ಸೈಕಲ್ಲು ಬಂದು ನಿಂತಿತು. ಟೇಪು ಕರುಳಿನ ಹಾಗೆ ಜೋಲುತ್ತಿತ್ತು. ಸುಟ್ಟ ಫ್ಯೂಜುಗಳು ನೆಲದ ಮೇಲೆ ಬಿದ್ದಿದ್ದವು. ಹಳದಿ ಬಾಲ ಇನ್ನೂ ಈರಬಸಪ್ಪನ ಕೈಯಲ್ಲಿತ್ತು.

ಅಮರ ಬಗ್ಗಿ ನೋಡಿದ. ಅವನಿಗೆ ಎಲ್ಲ ತಿಳಿಯಿತು. "ಕಾಕಾ, ಇದು ಪಂಪಿನ ಹಳದಿ. ಇದನ್ಯಾಕ ಬೋಲ್ಟಿಗೆ ಬಿಗದ್ರಿ?"

"ಹಳದಿ ಅಂದ್ರ ಬೋಲ್ಟಿಗೇ ಹೋಗತದ."

"ನಿಮ್ಮ ಹಳದಿ ಹೋಗತದ. ಕಿಟ್ಟಿನ ಹಳದಿ ಹೋಗೂದಿಲ್ಲ. ಕಪ್ಪು ಎಲ್ಲದ?"

ನಾನು ಮೂಲೆಗೆ ಕೈ ತೋರಿಸಿದೆ. ಅಮರ ಅದನ್ನು ನೋಡಿ ಹಣೆ ಒತ್ತಿಕೊಂಡ.

ಆ ಬಾಲಕ್ಕೆ ಟೇಪು ಮುಚ್ಚಿ ಬೇರೆ ಕಟ್ಟಿ, ಮತ್ತೊಂದು ಫ್ಯೂಜು ಕಡ ತಂದು ಹಾಕಿ, ಪಂಪಿನ ಪ್ಲಗ್ಗು ಚುಚ್ಚಿದ ಮೇಲೆ ಪಂಪು ತಿರುಗಿತು. ಹರಿಣಾಕ್ಷಿ ಬಕೆಟ್ಟಿನಲ್ಲಿ ನೀರು ಹಿಡಿದು, ಔಷಧದ ಪೈಪಿನಿಂದ ರಸ್ತೆಗೆ ಹೊಡೆದು ನೋಡಿ, ಸಾಕು ಎಂದಳು. ಅವಳ ಕೆಲಸ ಆಗಿತ್ತು. ನಮ್ಮದು ಆಗಿರಲಿಲ್ಲ.

ನಾನು ಮತ್ತೆ ಟೇಪು ಸುತ್ತುತ್ತಿದ್ದಾಗ ಅಮರ ಈರಬಸಪ್ಪನ ಬದಿಗೆ ಕುಕ್ಕರಗಾಲಲ್ಲಿ ಕೂತ. "ಕಾಕಾ, ಇವತ್ತಿನದು ಇವತ್ತಿಗೆ ಬಿಡ್ರಿ. ಶೇಟ್‌ಗ ನಾ ಏನೂ ಹೇಳೂದಿಲ್ಲ, ಪಂಪು ತಿರಗತದ, ಆತು. ಆದ್ರ ಮುಂದಿನವೆಲ್ಲಾ ಕಿಟ್ಟಿನವ. ಕಪ್ಪು ಅಂದ್ರ ಕಪ್ಪೇ ಹಾಕಬೇಕು. ನಾಳೆ ಎಲ್ಲೋ ಹಳ್ಯಾಗ ಇನ್ನೊಬ್ಬ ಇದನ್ನ ಬಿಚ್ಚತಾನ. ನಿಮ್ಮ ಹಳದಿ ಅವಗ ಹೆಂಗ ತಿಳೀಬೇಕು? ಹೂಂ ಅನ್ರಿ, ನಾ ಹೋಗಿ ಶೇಟ್‌ಗ ಹೇಳ್ತೀನಿ."

ಈರಬಸಪ್ಪ ಸ್ಪ್ಯಾನರಿನಿಂದ ಬೋಲ್ಟು ಬಿಗಿಯುತ್ತಲೇ ಇದ್ದ. ನಾನು ಟೇಪಿನ ಮೇಲಿಂದ ಕಣ್ಣೆತ್ತದೆ, "ಹೂಂ ಅನ್ನು" ಎಂದೆ.

"ಪೂಜಿ ಆದ ಮ್ಯಾಲ ಆದ್ರ ಹಾಕತೀನಿ" ಎಂದ.

"ಪೂಜಿ ಗಿರಾಕಿ ಮಾಡ್ತಾರ್ರಿ, ಗಾಡಿ ಕೈಗೆ ಬಂದ ದಿನ. ಫಿಟಿಂಗ್ ಆಗೂದು ಅದಕ್ಕಿಂತ ಮೊದಲ. ಅದನ್ನ ಹೆಂಗ ಉಲ್ಟಾ ಮಾಡ್ಲಿ?"

ಹರಿಣಾಕ್ಷಿ ಪೈಪು ಸುತ್ತುತ್ತ ಹೇಳಿದಳು: "ಅದಕ್ಕೆಂತ, ಇಲ್ಲೇ ಒಂದು ತೆಂಗಿನಕಾಯಿ ಒಡೀರಿ. ಅಕ್ಕ ಇದ್ದಾರಲ್ಲ, ಕುಂಕುಮ ಹಚ್ತಾರೆ. ಆಮೇಲೆ ನೀವು ಏನು ಬೇಕಾದ್ರೂ ಹಾಕಿ."

"ನಾ ಗಂಡ ಇಲ್ಲದಾಕಿ, ಹೊಸ ಗಾಡಿಗೆ ನನ್ನ ಕೈಲೆ ಕುಂಕುಮ ಯಾರು ಹಚ್ಚಿಸ್ಕೋತಾರ್ರಿ?" ಎಂದೆ. "ಇವನೇ ಹಚ್ಚಲಿ. ಹಚ್ಚತೀಯೇನು?"

ಈರಬಸಪ್ಪ ಸ್ಪ್ಯಾನರು ಒರೆಸಿ ಕೆಳಗಿಟ್ಟ. "ಪೂಜಿ ಅನ್ನೂದು ಯಾರ ಗಾಡಿನೋ ಅವರು ಮಾಡಬೇಕು. ಮಾರಾವ ಮಾಡಿದ್ರ ನಡಿಯೂದಿಲ್ಲ, ವೈರು ಹಾಕಾವ ಮಾಡಿದ್ರ ನಡಿಯೂದಿಲ್ಲ. ಪಗಾರದ ಸಲುವಾಗಿ ಕಾಯಿ ಒಡದ್ರ ಅದು ಪೂಜಿ ಆಗತದೇನ್ರಿ? ಅದು ಕಾಯಿ ಒಡದಂಗ ಆಗತದ, ಅಷ್ಟೇ."

ಅವನು ಹೇಳಿದ್ದು ಸುಳ್ಳಲ್ಲ, ಅದೇ ನನಗೆ ಹೆಚ್ಚು ಉರಿಸಿತು. ಸುಳ್ಳು ಹೇಳಿದ್ದರೆ ಬೈಯಬಹುದಿತ್ತು. ಸ್ಕ್ರೂ ತಿಕ್ಕಿ ಸುಟ್ಟ ವೈರನ್ನು ನೋಡಿದ ಮನುಷ್ಯ, ತನ್ನ ಹಳದಿಯೇ ತನ್ನನ್ನು ದಿನವಿಡೀ ಕುಣಿಸಿದ್ದನ್ನು ಈಗ ತಾನೇ ಕಂಡ ಮನುಷ್ಯ, ಆದರೂ ಒಂದು ಹೂಂ ಬಾಯಿಂದ ಬರಲಿಲ್ಲ.

ಅಮರ ಎದ್ದ. "ಹಂಗಂದ್ರ ಹೊಸಾವು ಶೋರೂಮಿನಾಗ ಆಗಲಿ ಕಾಕಾ. ಹಳೇವು ಖರಾಬ್ ಆಗಿ ಬಂದಾಗ ನಿಮ್ಮ ಕಡೆ ಕಳಸ್ತೀನಿ. ಅವಕ್ಕೆಲ್ಲಾ ಪೂಜಿ ಆಗಿರತದ."

ಹುಡುಗ ಕುಚೋದ್ಯ ಮಾಡಿದ್ದಲ್ಲ, ದಾರಿ ಹುಡುಕಿದ್ದ. ಈರಬಸಪ್ಪ ಅದಕ್ಕೆ ಹೂಂ ಎಂದ. ಟ್ರ್ಯಾಕ್ಟರನ್ನು ಟೆಂಪೋಗೆ ಹತ್ತಿಸಿದರು. ಹರಿಣಾಕ್ಷಿ ನನ್ನ ಕೈ ಹಿಡಿದು, ಪೇರಲ ಬಂದಾಗ ಕಳಿಸುತ್ತೇನೆ ಎಂದು ಹೇಳಿ, ಡ್ರೈವರನ ಬದಿಗೆ ಹತ್ತಿ ಹೋದಳು.

ಅಂದಿನಿಂದ ನಮ್ಮಲ್ಲಿಗೆ ಹಳೆಯ ಟ್ರ್ಯಾಕ್ಟರುಗಳು ಬರುತ್ತವೆ. ಇಲಿ ಕಡಿದವು, ಕೆಸರು ಹೊಕ್ಕವು, ಔಷಧ ಸೋರಿ ತುಕ್ಕು ಹಿಡಿದವು. ಹೊಸದಕ್ಕೆ ವೈರು ಹಾಕುವುದು ಬೇರೆ, ಇನ್ನೊಬ್ಬ ಕೆಡಿಸಿದ್ದನ್ನು ಬಿಡಿಸುವುದು ಬೇರೆ. ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ, ಕೈಗೆ ಬರುವುದು ಅರ್ಧ. ಅವನ ಬೈಗುಳ ಮಾತ್ರ ದುಪ್ಪಟ್ಟು ಆಗಿದೆ. ಈ ಹಳೆಯವಕ್ಕೆ ಅವನು ಕಪ್ಪು ವೈರೇ ಹಾಕುತ್ತಾನೆ. ಅದನ್ನು ನೋಡಿದಾಗೆಲ್ಲ ನನ್ನ ಮೈ ಉರಿಯುತ್ತದೆ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವನ ಹೆಂಡತಿ ಶಿವಬಸವ್ವ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಹೀಗಾಗಿ ಅಂಗಡಿಯಲ್ಲಿ ಅವನಿಗೆ ಬಡಿಸುವವಳು ನಾನೇ. ಡಬ್ಬಿ ಬಿಚ್ಚಿದ್ದೆ, ಅಷ್ಟರಲ್ಲಿ ಅಮರನ ಫೋನು ಬಂತು. ಈರಬಸಪ್ಪನ ಕೈಗೆ ಗ್ರೀಸು ಹತ್ತಿತ್ತು, ನಾನೇ ಫೋನು ಅವನ ಕಿವಿಯ ಹತ್ತಿರ ಹಿಡಿದೆ. ಅಮರನ ದನಿ ನನಗೂ ಕೇಳುತ್ತಿತ್ತು.

"ಕಾಕಾ, ಒಂದು ಹೊಸಾ ಟ್ರ್ಯಾಕ್ಟರ್ ಅದ. ನಮ್ಮ ಮನಿಶಾಗ ಹಿಂದಿನ ದೀಪ, ಪಂಪು ಎರಡೂ ಕೂಡಿಸಿ ಬಗೀಹರಿವಲ್ದು. ಶೇಟ್ ತಾನಾಗಿ ನಿಮ್ಮ ಹೆಸರು ತಗದಾನ. ಈಗ ಕಳಿಸ್ಲೇನು?"

ನನ್ನ ಎದೆ ಹಗುರಾಯಿತು. ಶೇಟ್ ತಾನಾಗಿ ಹೆಸರು ತೆಗೆದ ಎಂದರೆ ಮುಚ್ಚಿದ ಬಾಗಿಲು ಅವನ ಕಡೆಯಿಂದಲೇ ತೆರೆದ ಹಾಗೆ. ಹೂಂ ಅನ್ನು ಎಂದು ಕಣ್ಣಲ್ಲೇ ಹೇಳಿದೆ.

"ಪೂಜಿ ಆಗೇದೇನು?" ಎಂದು ಕೇಳಿದ ಈರಬಸಪ್ಪ.

"ಇನ್ನೂ ಇಲ್ರಿ. ಡಿಲಿವರಿ ಬರೋ ರವಿವಾರ ಅದ."

"ಆದ ಮ್ಯಾಲ ಕಳಸ್ರಿ" ಎಂದು ಹೇಳಿ, ಕಿವಿಯನ್ನು ಫೋನಿನಿಂದ ಆಚೆ ಸರಿಸಿದ.

ನಾನು ಫೋನು ಕೆಳಗಿಟ್ಟೆ. ಅವನು ಕೈ ತೊಳೆದು ಬಂದು ತಾಟಿನ ಮುಂದೆ ಕೂತ. ರೊಟ್ಟಿ ಹಾಕಿದೆ. ಬದನೆಕಾಯಿ ಪಲ್ಯದ ಡಬ್ಬಿಯನ್ನು ಮುಚ್ಚಳ ತೆಗೆಯದೆ ನನ್ನ ಮಗ್ಗುಲಿಗೇ ಇಟ್ಟುಕೊಂಡೆ. ಕೇಳಲಿ, ಒಂದು ಸಲವಾದರೂ ಬಾಯಿ ಬಿಟ್ಟು ಕೇಳಲಿ ಎಂದು. ಅವನು ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ. ರೊಟ್ಟಿ ಮುರಿದು ನೀರಿನಲ್ಲಿ ಅದ್ದಿ ತಿಂದು, ಎದ್ದು ಹೋದ.